ಕೈಯಲ್ಲೇ ಕೆತ್ತಿದ ಲಾಂಗ್‌ಬೋ ಹೊಡೆದು ನೋಡಿದೆ: ಸೈಟ್ ಇಲ್ಲ, ರೆಸ್ಟ್ ಇಲ್ಲ, ಕ್ಲಿಕ್ಕರ್ ಇಲ್ಲ

ಗರಿಬಾಣ_ಬಸವನಗುಡಿ

ಮೊದಲೇ ಹೇಳ್ಬಿಡ್ತೀನಿ, ನನ್ನದು ರಿಕರ್ವ್, ಅಂದ್ರೆ ತುದಿ ಮುಂದಕ್ಕೆ ಬಾಗಿರೋ ಒಲಿಂಪಿಕ್ ಥರದ ಬಿಲ್ಲು. ಗುರಿ ನೋಡೋ ಸೈಟು, ಪೂರ್ತಿ ಎಳೆದಾಗ ಕ್ಲಿಕ್ ಅನ್ನೋ ಕ್ಲಿಕ್ಕರ್, ಅಲುಗಾಟ ತಡೆಯೋ ಸ್ಟೆಬಿಲೈಜರ್ ಎಲ್ಲಾ ಸಿಗಿಸ್ಕೊಂಡು 70 ಮೀಟರ್ ಲೈನಲ್ಲಿ ನಿಂತು ಹೊಡೆಯೋ ಅಭ್ಯಾಸ. ನಮ್ಮ ಜೊತೆ ಹೊಡೆಯೋ ಹಿರಿಯರೊಬ್ಬರಿದ್ದಾರೆ, ಪೀಣ್ಯದಲ್ಲಿ ಟೂಲ್ ರೂಮ್ ಕೆಲಸ ಮಾಡಿ ರಿಟೈರ್ ಆದವರು, ಈಗ ಮನೆ ಹಿಂದಿನ ಶೆಡ್ಡಲ್ಲಿ ಬಿಲ್ಲು ಕೆತ್ಕೊಂಡು ಕೂತಿರ್ತಾರೆ. ಅವರು ಮಾಡಿದ ಒಂದು ಲಾಂಗ್‌ಬೋನ, ಅಂದ್ರೆ ಉದ್ದನೆ ಮರದ ಬಿಲ್ಲನ್ನ, ಕನಕಪುರ ರಸ್ತೆ ಕಡೆ ಅವರ ಅಳಿಯನ ತೋಟದಲ್ಲಿ ಬೆಳಗ್ಗೆಯಿಂದ ಬಿಸಿಲು ಏರೋ ತನಕ ಹೊಡೆದೆ. ತಗೊಳ್ಳೋದಾ ಬೇಡ್ವಾ ಅಂತ ಲೆಕ್ಕ ಹಾಕ್ತಿರೋರು ಇಲ್ಲಿ ಬೇಜಾನ್ ಜನ ಇದ್ದೀರ, ಅದಕ್ಕೆ ಬರೀತಿದೀನಿ. ಉದ್ದ ಆಗತ್ತೆ, ಕಾಫಿ ಇಟ್ಕೊಳಿ.

ಬಿಲ್ಲು 70 ಇಂಚು, ಅಂದ್ರೆ ನಂಗಿಂತ ಎತ್ತರ. ಬೆನ್ನಿಗೆ ಬಿದಿರು, ಹೊಟ್ಟೆಗೆ ತಡಸಲು ಮರ, ಎರಡನ್ನೂ ಎಪಾಕ್ಸಿಲಿ ಅಂಟಿಸಿರೋದು. ಬೆನ್ನು ಅಂದ್ರೆ ಗುರಿ ಕಡೆ ಇರೋ ಮುಖ, ಹೊಟ್ಟೆ ನಮ್ಮ ಕಡೆಗಿರೋದು, ಸುಮಾರು ಜನ ಉಲ್ಟಾ ಅನ್ಕೊಂಡಿರ್ತಾರೆ. ಎಳೆದಾಗ ಬೆನ್ನು ಹಿಗ್ಗತ್ತೆ, ಹೊಟ್ಟೆ ಕುಗ್ಗತ್ತೆ, ಹಾಗಾಗಿ ಎರಡು ಕಡೆಗೂ ಬೇಕಾಗಿರೋ ಗುಣ ಬೇರೆ ಬೇರೆ. ಬಿದಿರಿನ ನಾರು ಸಿಪ್ಪೆ ಹತ್ರ ದಟ್ಟವಾಗಿರತ್ತೆ, ಅದಕ್ಕೇ ಹೊರಮೈನ ಮುಟ್ಟಿಲ್ಲ ಅವರು, ಗೆಣ್ಣು ಗೆಣ್ಣು ಹಾಗೇ ಉಬ್ಬಿಕೊಂಡು ಕಾಣತ್ತೆ, ಚೆನ್ನಾಗಿ ಕಾಣ್ಲಿ ಅಂತ ಅದನ್ನ ಉಜ್ಜಿದ್ರೆ ನಾರು ಕಡಿದು ಅಲ್ಲೇ ಸೀಳೋದಂತೆ. ಎರಡು ತುದಿಗೆ ಎಮ್ಮೆ ಕೊಂಬಿನ ನಾಕ್, ಅಂದ್ರೆ ಹೆದೆಯ ಕುಣಿಕೆ ಕೂರೋ ಕಚ್ಚು. ಹಿಡಿಗೆ ಒಂದು ತುಂಡು ಚರ್ಮ ಸುತ್ತಿದ್ದಾರೆ, ಅಷ್ಟೆ, ಬೆರಳು ಕೂರಕ್ಕೆ ಅಂತ ಶೇಪ್ ಗೀಪ್ ಏನೂ ಇಲ್ಲ. ರೆಸ್ಟ್ ಇಲ್ಲ ಅಂದ್ರೆ ಬಾಣ ಕೂರೋದು ನಿಮ್ಮ ಮುಷ್ಟಿ ಮೇಲೇ. ಹಾಗಾಗಿ ಪ್ಲಾಸ್ಟಿಕ್ ವೇನ್ ನಡೆಯಲ್ಲ, ನಿಜವಾದ ಹಕ್ಕಿ ಗರಿನೇ ಬೇಕು, ಅದು ಕೈಗೆ, ಬಿಲ್ಲಿಗೆ ತಾಗಿದ್ರೆ ಮಡಚ್ಕೊಂಡು ಹೋಗತ್ತೆ, ಪ್ಲಾಸ್ಟಿಕ್ ಆದ್ರೆ ಬಾಣನೇ ಪಕ್ಕಕ್ಕೆ ಒದ್ದುಬಿಡತ್ತೆ.

ಹೆದೆ ಏರಿಸೋದ್ರಲ್ಲೇ ಅರ್ಧ ಪಾಠ ಆಯ್ತು. ಕಾಲ ಮಧ್ಯೆ ಸಿಗಿಸಿ ತೊಡೆ ಮೇಲೆ ಬಗ್ಗಿಸೋದನ್ನ ವೀಡಿಯೋದಲ್ಲಿ ನೋಡಿರ್ತೀರಲ್ಲ, ಅದನ್ನ ಅವರು ಯಾರಿಗೂ ಮಾಡಕ್ಕೆ ಬಿಡಲ್ಲ, ಲಿಂಬ್ (ಹಿಡಿಯಿಂದ ತುದಿ ತನಕ ಬಗ್ಗೋ ಭಾಗ) ತಿರುಚ್ಕೊಳತ್ತೆ ಅಂತ. ಎರಡು ತುದಿಗೂ ಹಾಕೋ ಒಂದು ಹಗ್ಗ ಇಟ್ಟಿದ್ದಾರೆ, ಅದನ್ನ ಕಾಲಲ್ಲಿ ತುಳಿದು ಹಿಡಿನ ಮೇಲಕ್ಕೆತ್ತಿದ್ರೆ ಎರಡು ಕಡೆನೂ ಸಮನಾಗಿ ಬಗ್ಗತ್ತೆ, ಆಗ ಮೇಲಿನ ಕುಣಿಕೆನ ಜಾರಿಸಿ ಕೂರಿಸೋದು. ಆಮೇಲೆ ಹಿಡಿ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳು ಎತ್ತಿ ನೋಡಿದ್ರು, ಹೆಬ್ಬೆರಳ ತುದಿ ಹೆದೆಗೆ ತಾಗಿತು, ಸರಿಯಾಗಿದೆ ಅಂದ್ರು. ಸುಮಾರು ಆರೂವರೆ ಇಂಚು. ಸ್ಕೇಲ್ ಅವರ ಜೇಬಲ್ಲೇ ಇತ್ತು, ತೆಗೀಲೇ ಇಲ್ಲ.

ಗುರಿಗೆ ರಾಗಿ ಹುಲ್ಲಿನ ಪಿಂಡಿಗಳನ್ನ ಬಿಗಿಯಾಗಿ ಕಟ್ಟಿ ಒಟ್ಟಿದ್ರು, ಅದರ ಹಿಂದೆ ಮಣ್ಣಿನ ದಿಬ್ಬ. 15 ಮೀಟರ್‌ನಿಂದ ಶುರು ಮಾಡಿದ್ದು. ಬಿಟ್ಟ ಬಾಣ ಎಲ್ಲಾ ಎಡಕ್ಕೆ ಹೋಗಿ ಗುಂಪಾಗಿ ಕೂತ್ಕೊಳ್ತು. ಗುಂಪು ಚೆನ್ನಾಗಿದೆ, ಜಾಗ ಮಾತ್ರ ತಪ್ಪು. ಅವರು ನಕ್ಕು ಬೇರೆ ಕಟ್ಟು ಬಾಣ ಕೊಟ್ರು, ಸ್ವಲ್ಪ ಮೆತ್ತಗಿರೋದು, ಅದು ನಡುವಿಗೆ ಬಂತು. ಯಾಕೆ ಅಂದ್ರೆ ರಿಕರ್ವ್ ರೈಸರ್‌ನಲ್ಲಿ, ಅಂದ್ರೆ ನಡುವಿನ ಹಿಡಿ ಭಾಗದಲ್ಲಿ, ಕಿಟಕಿ ಕತ್ತರಿಸಿರ್ತಾರೆ, ಬಾಣ ನೇರ ಹೊರಡತ್ತೆ. ಇಲ್ಲಿ ಬಿಲ್ಲಿನ ಪೂರ್ತಿ ಅಗಲ ಅಡ್ಡ ಇದೆ, ಬಾಣ ಹೊರಡೋವಾಗ ಹಾವಿನ ಹಾಗೆ ಬಳುಕಿ ಅದನ್ನ ಸುತ್ತಿಕೊಂಡು ಹೋಗ್ಬೇಕು. ಬಾಣ ಗಟ್ಟಿ ಜಾಸ್ತಿ ಆದ್ರೆ ಬಳುಕಲ್ಲ, ಬಲಗೈಯವರಿಗೆ ಎಡಕ್ಕೆ ಹೋಗತ್ತೆ. ಮೆತ್ತಗೆ ಜಾಸ್ತಿ ಆದ್ರೆ ಬಲಕ್ಕೆ. ಸ್ಪೈನ್ (ಬಾಣದ ಗಡಸುತನ) ಚಾರ್ಟ್ ಬಗ್ಗೆ ಓದಿದ್ದೆ, ಆದ್ರೆ ಬಿಲ್ಲು ಅದೇ ಕೈ ಅದೇ ಬಾಣ ಮಾತ್ರ ಬದಲಾಯಿಸಿ ಒಂದು ಮೊಳ ಬಲಕ್ಕೆ ಬಂದಿದ್ದನ್ನ ಕಣ್ಣಾರೆ ನೋಡಿದ್ದು ಅವತ್ತೇ.

ಇನ್ನು ಎಳೆಯೋ ವಿಷಯ. ಕ್ಲಿಕ್ಕರ್ ಇಲ್ಲ ಅನ್ನೋದು ನನ್ನಂಥೋರಿಗೆ ದೊಡ್ಡ ಹೊಡೆತ. ಕ್ಲಿಕ್ ಅಂದಾಗ ಬಿಡು ಅಂತ ಮೈ ಕಲಿತುಬಿಟ್ಟಿದೆ, ಇಲ್ಲಿ ಆ ಶಬ್ದನೇ ಬರಲ್ಲ, ಬೆರಳು ಕಾಯ್ತಾ ಇರತ್ತೆ. ಕಾಯ್ತಾ ಕಾಯ್ತಾ ಕೈ ಒಂದಿಷ್ಟು ಮುಂದಕ್ಕೆ ಜಾರತ್ತೆ. ಈ ತೂಕದ (ಅಂದ್ರೆ ಎಳೆಯಕ್ಕೆ ಬೇಕಾಗೋ ಬಲದ) ಬಿಲ್ಲಲ್ಲಿ ಒಂದು ಇಂಚು ಕಮ್ಮಿ ಎಳೆದ್ರೆ ಎರಡು ಎರಡೂವರೆ ಪೌಂಡ್ ಹೋಯ್ತು, ಬಾಣ ಕೆಳಗೆ ಬೀಳ್ತು. ನನ್ನ ಟಾರ್ಗೆಟ್ ಪೇಪರ್ ನೋಡಿದ್ರೆ ತೂತುಗಳು ಮೇಲಿಂದ ಕೆಳಗೆ ಒಂದೇ ಗೆರೆ ಎಳೆದ ಹಾಗಿತ್ತು. ಅಕ್ಕಪಕ್ಕ ತಪ್ಪಿಲ್ಲ, ಮೇಲೆ ಕೆಳಗೆ ಮಾತ್ರ.

ಹೊಟ್ಟೆ ಮೇಲೆ ಪೆನ್ಸಿಲಲ್ಲಿ 40, ಅದರ ಪಕ್ಕ 28 ಅಂತ ಬರೆದಿದೆ. 28 ಇಂಚಿಗೆ ಎಳೆದಾಗ 40 ಪೌಂಡ್ ಅಂತ. ನನ್ನ ಡ್ರಾ, ಅಂದ್ರೆ ನಾನು ಎಳೆಯೋ ಉದ್ದ, 26 ಚಿಲ್ಲರೆ, ಹಾಗಾಗಿ ನನ್ನ ಬೆರಳಿಗೆ ಬರೋದು 36ರ ಹತ್ರ. ಇಷ್ಟೆಲ್ಲಾ ಆದ್ಮೇಲೆ ನಂಗೆ ಅನ್ಸಿದ್ದು, ಕೈಯಲ್ಲಿ ಮಾಡಿದ ಬಿಲ್ಲು ತಗೊಳ್ಳೋರು "ಎಷ್ಟು ಪೌಂಡು" ಅಂತ ಕೇಳೋದಕ್ಕಿಂತ ಮುಂಚೆ "ಎಷ್ಟು ಇಂಚಿಗೆ ಹದ ಮಾಡಿದೀರ" ಅಂತ ಕೇಳ್ಬೇಕು. ಬಿಲ್ಲು ಸುಂದರ, ನಂಗೆ ಇಷ್ಟ ಆಯ್ತು, ಆದ್ರೆ ಅದು ನನ್ನ ಕೈಗೆ ಮಾಡಿದ್ದಲ್ಲ, ಕೊನೇ ಎರಡು ಇಂಚು ನಾನು ಮುಟ್ಟೋದೇ ಇಲ್ಲ.

ಕಾಂಪೌಂಡ್_ಕಿಟ್ಟಿ

ಸಖತ್ತಾಗಿ ಬರೆದಿದೀಯ ಬ್ರೋ. ಆದ್ರೆ 40 ಪೌಂಡ್ ಅಷ್ಟೇನಾ? ಇಂಗ್ಲೆಂಡಲ್ಲಿ ಹಳೇ ಕಾಲದಲ್ಲಿ 150 ಪೌಂಡ್ ಎಳೀತಿದ್ರಂತೆ. ನನ್ನ ಕಾಂಪೌಂಡೇ (ತುದಿಗೆ ರಾಟೆ ಇರೋ ಬಿಲ್ಲು) 55. ಪೂರ್ತಿ ಎಳೆದ ಮೇಲೆ ಮುಕ್ಕಾಲು ಭಾಗ ತೂಕ ಬಿಟ್ಬಿಡತ್ತೆ, ಆರಾಮಾಗಿ ನಿಂತು ಗುರಿ ನೋಡ್ತೀನಿ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಕಾಂಪೌಂಡ್ ಮಿಕ್ಸೆಡ್ ಟೀಮ್ ಬೇರೆ ಸೇರಿಸಿದ್ದಾರೆ. ಈ ಕಾಲದಲ್ಲಿ ಕೋಲು ಎಳೆಯೋದು ಯಾಕೆ ಅಂತ ನಂಗಂತೂ ಅರ್ಥ ಆಗಲ್ಲಪ್ಪ.

ಗರಿಬಾಣ_ಬಸವನಗುಡಿ

ಬ್ರೋ ಅಲ್ಲ ಕಿಟ್ಟಿ, ಅಕ್ಕ. 150 ಪೌಂಡ್ ಕಥೆ ಸುಳ್ಳಲ್ಲ. ಎಂಟನೇ ಹೆನ್ರಿಯ ಮೇರಿ ರೋಸ್ ಅನ್ನೋ ಹಡಗು 1545ರಲ್ಲಿ ಮುಳುಗಿತ್ತು, 1982ರಲ್ಲಿ ಮೇಲೆತ್ತಿದ್ರು. ಅದ್ರಲ್ಲಿ ಪೂರ್ತಿಯಾಗಿರೋ ಯೂ ಮರದ ಬಿಲ್ಲುಗಳೇ 137 ಸಿಕ್ವು, ಬಾಣಗಳು 3500ಕ್ಕೂ ಮೇಲೆ. ಆ ಬಿಲ್ಲುಗಳು 100ರಿಂದ 180 ಪೌಂಡ್ ಆಸುಪಾಸು ಇದ್ದಿರಬಹುದು ಅಂತ ಲೆಕ್ಕ. ಆದ್ರೆ ಅವರು ಚಿಕ್ಕ ಹುಡುಗರಾಗಿದ್ದಾಗಿಂದ ವರ್ಷಾ ವರ್ಷಾ ತೂಕ ಏರಿಸ್ಕೊಂಡು ಬಂದವರು. ಅದೇ ಹಡಗಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಕೆಲವರ ಭುಜದ ಮೂಳೆ ಸರಿಯಾಗಿ ಕೂಡಿಕೊಂಡೇ ಇರ್ಲಿಲ್ಲ, ಅವರು ಬಿಲ್ಲುಗಾರರೇ ಇರಬೇಕು ಅಂತ ಅಧ್ಯಯನ ಮಾಡಿದವರು ಹೇಳ್ತಾರೆ. ನಾವು ವಾರ ಪೂರ್ತಿ ಲ್ಯಾಪ್‌ಟಾಪ್ ಮುಂದೆ ಬಗ್ಗಿ ಕೂತು ಭಾನುವಾರ ಹೋಗಿ 60 ಪೌಂಡ್ ಎಳೆದ್ರೆ ಸೋಮವಾರ ಫಿಸಿಯೋ ಹತ್ರನೇ. ನಿಂಗೆ ಕಾಂಪೌಂಡ್ ಇಷ್ಟ ಅಲ್ವಾ, ಹೊಡಿ, ಯಾರು ಬೇಡ ಅಂದ್ರು.

ಕಾಂಪೌಂಡ್_ಕಿಟ್ಟಿ

ಸಾರಿ ಅಕ್ಕ 😅 ಹೆಸರು ನೋಡಿ ಗೊತ್ತಾಗ್ಲಿಲ್ಲ. ಭುಜದ್ ವಿಷ್ಯ ಕೇಳಿ ನನ್ನ ಭುಜನೇ ನೋಯ್ತಿದೆ.

ಮರಗೆಲಸ_ಮಾವ

ಟಿಲ್ಲರ್, ಅಂದ್ರೆ ಬಿಲ್ಲು ಹದ ಮಾಡೋ ವಿಷಯ ಎತ್ತಿದ್ದಕ್ಕೆ ಎರಡು ಮಾತು ಸೇರಿಸ್ತೀನಮ್ಮ. ನಾನು ಫರ್ನಿಚರ್ ಕೆಲಸದವನು, ಬಿಲ್ಲು ಮಾಡೋ ಹುಚ್ಚು ಆಮೇಲೆ ಹತ್ತಿದ್ದು. ಬಿಲ್ಲು ಮಾಡೋದು ಅಂದ್ರೆ ಕೆತ್ತೋದಲ್ಲ, ಕೆತ್ತೋದು ಎರಡು ದಿನದ ಕೆಲಸ. ಅಸಲಿ ಕೆಲಸ ಅದನ್ನ ಗೋಡೆಗೆ ಹಾಕಿ, ಹಗ್ಗ ರಾಟೆಯಲ್ಲಿ ಸ್ವಲ್ಪ ಸ್ವಲ್ಪ ಎಳೆದು, ದೂರ ನಿಂತು ಬಾಗು ನೋಡಿ, ಎಲ್ಲಿ ಬಗ್ತಾ ಇಲ್ವೋ ಅಲ್ಲಿ ಹೊಟ್ಟೆ ಕಡೆಯಿಂದ ನಾಲ್ಕು ಎಳೆ ಹೆರೆದು, ಮತ್ತೆ ಹಾಕಿ ನೋಡೋದು. ಬೆನ್ನು ಮುಟ್ಟಂಗಿಲ್ಲ. ಒಂದು ಲಿಂಬ್ ಬಗ್ಗಿ ಇನ್ನೊಂದು ನೆಟ್ಟಗೆ ನಿಂತ್ರೆ ಎಲ್ಲಾ ಭಾರ ಬಗ್ಗಿದ್ದರ ಮೇಲೇ, ಒಂದಲ್ಲ ಒಂದಿನ ಅದು ಮುರಿಯತ್ತೆ. ಹಾಗಂತ ಎರಡೂ ಲಿಂಬ್ ಅಚ್ಚು ಹಾಕಿದ ಹಾಗೆ ಒಂದೇ ಥರ ಇರಬೇಕು ಅಂತನೂ ಅಲ್ಲ. ಬಾಣ ಹಿಡಿಗಿಂತ ಮೇಲೆ ಕೂರತ್ತೆ, ಬೆರಳೂ ಮೇಲೆ ಬೀಳತ್ತೆ, ಅದಕ್ಕೆ ಕೆಳಗಿನ ಲಿಂಬ್‌ನ ಒಂಚೂರು ಗಟ್ಟಿ ಬಿಡ್ತೀವಿ.

ಇಲ್ಲೇ ಡ್ರಾ ಲೆಂತ್ ಬರೋದು. ನಾನು 28 ಇಂಚಿನ ತನಕ ಹದ ನೋಡಿ ಕೊಟ್ಟಿರ್ತೀನಿ, ನಿಮ್ಮ ಮನೆಗೆ ಬಂದ ಆರಡಿ ಎರಡಿಂಚಿನ ನೆಂಟ ಎಲ್ಲಿ ನೋಡೋಣ ಕೊಡಿ ಅಂತ ಅದನ್ನ ಕಿವಿ ತನಕ ಎಳೀತಾನೆ, 31 ಇಂಚು. ಠಣಾರ್. ಆಮೇಲೆ ಫೋನ್ ಮಾಡಿ ಮರ ಚೆನ್ನಾಗಿಲ್ಲ ಸಾರ್ ಅಂತೀರ. ನಿಮ್ಮ ಡ್ರಾ ಎಷ್ಟು ಅಂತ ಅಂದಾಜಿಗೆ ಬೇಕಾದ್ರೆ ಎರಡೂ ಕೈ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಇಂಚಲ್ಲಿ ಅಳೆದು ಎರಡೂವರೆಯಿಂದ ಭಾಗಿಸಿ. 66 ಬಂದ್ರೆ ಇಪ್ಪತ್ತಾರೂವರೆ ಹತ್ರ. ಇದು ಆರ್ಡರ್ ಕೊಡೋಕೆ ಸಾಲದು, ಹಗುರ ಬಿಲ್ಲು ಹಿಡಿದು ಎಳೆದಾಗ ಇನ್ನೊಬ್ಬರು ಬಾಣದ ಮೇಲೆ ಗುರುತು ಹಾಕಿ ನೋಡ್ಬೇಕು.

ನಮ್ಮೂರ್_ಧಾರವಾಡ

ಅಕ್ಕಾರ, ಮಾವಾರ, ಇಬ್ರಿಗೂ ನಮಸ್ಕಾರ್ರಿ. ಬೆಂಗಳೂರಾಗ ನೌಕರಿ, ಯಲಹಂಕ ಕಡೆ ಇರ್ತೇನ್ರಿ. ಒಂದು ಕೇಳೂದಿತ್ತು, ಈ ಮರದ ಬಿಲ್ಲು ಇಲ್ಲಿ ಮಳಿಗಾಲದಾಗ ತಡೀತದೇನ್ರಿ? ನಮ್ಮ ಮನಿ ಬಾಗ್ಲಾನ ಜೂನ್ ಬಂತಂದ್ರ ಉಬ್ಬಿ ಮುಚ್ಚಂಗಿಲ್ಲ.

ಮರಗೆಲಸ_ಮಾವ

ಒಳ್ಳೆ ಪ್ರಶ್ನೆ. ಬಿಲ್ಲಿನ ಮರದಲ್ಲಿ ತೇವ ನೂರಕ್ಕೆ ಎಂಟು ಹತ್ತು ಇದ್ರೆ ಚೆನ್ನ. ಮಳೆಗಾಲದಲ್ಲಿ ಮರ ಗಾಳಿಯಿಂದ ನೀರು ಕುಡಿಯತ್ತೆ, ಮೆತ್ತಗಾಗತ್ತೆ, ಒಂದೆರಡು ಪೌಂಡ್ ಕಳ್ಕೊಳತ್ತೆ. ಆ ಹೊತ್ತಲ್ಲಿ ಜಾಸ್ತಿ ಹೊಡೆದ್ರೆ ಹೆದೆ ಬಿಚ್ಚಿದ ಮೇಲೂ ಬಾಗಿಯೇ ಉಳಿಯತ್ತೆ, ಆ ಬಾಗು ವಾಪಸ್ ಹೋಗಲ್ಲ. ಮಾರ್ಚ್ ಏಪ್ರಿಲಲ್ಲಿ ಉಲ್ಟಾ, ಒಣಗಿ ಒಣಗಿ ಪೆಡಸಾಗತ್ತೆ, ಆಗ ಬೆನ್ನು ಸೀಳೋ ಭಯ. ಬಿದಿರಿನ ಬೆನ್ನು ಇದ್ರೆ ಇದು ಸ್ವಲ್ಪ ಕಮ್ಮಿ. ಅಗಸೆ ಎಣ್ಣೆನೋ ವಾರ್ನಿಶ್ಶೋ ಹಚ್ಚಿರ್ತಾರೆ, ಅದು ತೇವ ಬರೋದನ್ನ ನಿಧಾನ ಮಾಡತ್ತೆ ಅಷ್ಟೆ, ನಿಲ್ಸಲ್ಲ.

ಮನೆಯಲ್ಲಿ ಒಳಗೋಡೆಗೆ ಎರಡು ಮೊಳೆ ಹೊಡೆದು ಅಡ್ಡ ಮಲಗಿಸಿಡಿ. ಮೂಲೆಯಲ್ಲಿ ಒರಗಿಸಿ ನಿಲ್ಲಿಸಿದ್ರೆ ಕೆಳಗಿನ ಲಿಂಬ್ ಮೇಲೆ ಭಾರ ಬಿದ್ದು ತಿರುಚ್ಕೊಳತ್ತೆ. ಹೊಡೆದಾದ ಮೇಲೆ ಹೆದೆ ಬಿಚ್ಚಲೇಬೇಕು, ಕಾಫಿಗೆ ಹೋಗಿ ಬರ್ತೀನಿ ಅಂದ್ರೂ ಬಿಚ್ಚಿ. ಬಿಸಿಲಲ್ಲಿ ನಿಂತ ಕಾರೊಳಗೆ ಅಂಟಿಸಿದ ಬಿಲ್ಲು ಬಿಡಬೇಡಿ, ಅಂಟು ಬಿಟ್ಟುಕೊಳತ್ತೆ.

ಕೊಳ್ಳೇಗಾಲದ_ಹುಡುಗ

ಎಲ್ರೂ ಇಂಗ್ಲೆಂಡು ಹಡಗು ಅಂತಿದೀರ, ನಮ್ಮ ಬಿದಿರು ಬಿಲ್ಲು ಯಾರೂ ನೆನೆಸ್ಕೊಳ್ಳಲ್ವಲ್ಲ ಗುರು. ನಾನು ಇಂಡಿಯನ್ ರೌಂಡ್ ಹೊಡೆಯೋನು. ಗೊತ್ತಿಲ್ದೇ ಇರೋರಿಗೆ, ನಮ್ಮ ದೇಶದ ನ್ಯಾಷನಲ್ಸಲ್ಲಿ ರಿಕರ್ವ್, ಕಾಂಪೌಂಡ್ ಜೊತೆ ಇದೊಂದು ವಿಭಾಗ ಇದೆ, ಬಿದಿರು ಬಿಲ್ಲು, 50 ಮೀಟರ್ ಮತ್ತೆ 30 ಮೀಟರ್. ದೇಶದಲ್ಲಿ ಎಷ್ಟೋ ಹಳ್ಳಿ ಹುಡುಗರು ಶುರು ಮಾಡೋದೇ ಇದ್ರಲ್ಲಿ, ಯಾಕಂದ್ರೆ ಫುಲ್ ರಿಕರ್ವ್ ಸೆಟ್‌ಗೆ ಲಕ್ಷಗಟ್ಟಲೆ ಬೇಕು. ರಾಜಸ್ಥಾನದ ಲಿಂಬಾ ರಾಮ್ ಬಿದಿರು ಬಿಲ್ಲು ಹಿಡ್ಕೊಂಡೇ ಬೆಳೆದವರು, 1992ರಲ್ಲಿ ಬೀಜಿಂಗಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ 30 ಮೀಟರ್ ವಿಶ್ವದಾಖಲೆ ಸರಿಗಟ್ಟಿದ್ರು. ಭೂತಾನ್‌ನೋರು ಬಿದಿರು ಬಿಲ್ಲಲ್ಲಿ 140 ಮೀಟರ್ ದಾಟಿ ಹೊಡೀತಾರೆ, ಅದು ಅವರ ರಾಷ್ಟ್ರೀಯ ಆಟ, ನಾವು 70ಕ್ಕೇ ಬೈನಾಕ್ಯುಲರ್ ಇಟ್ಕೊಂಡು ಕೂತಿರ್ತೀವಿ.

ನನ್ನ ವಾದ ಇಷ್ಟೆ ಅಕ್ಕ, ಲಾಂಗ್‌ಬೋ ಬೇಕು ಅನ್ನೋರು ಸುಮ್ನೆ ಹೊರಗಿಂದ ತರಿಸೋ ಬದಲು ಮೊದ್ಲು ಒಂದು ವರ್ಷ ಬಿದಿರು ಬಿಲ್ಲು ಹೊಡೀಲಿ. ಸಾವಿರದ ಲೆಕ್ಕದಲ್ಲಿ ಸಿಗತ್ತೆ. ಮುರಿದ್ರೂ ಅಳು ಬರಲ್ಲ.

ಗರಿಬಾಣ_ಬಸವನಗುಡಿ

ಒಪ್ತೀನಿ, ಅರ್ಧ. ಕಲಿಯೋಕೆ ಬಿದಿರು ಬಿಲ್ಲು ಸಾಕು. ಆದ್ರೆ ನಾನು ಹೊಡೆದು ನೋಡಿದ ಅಂಗಡಿ ಬಿದಿರು ಬಿಲ್ಲುಗಳಲ್ಲಿ ಎರಡು ಲಿಂಬ್‌ಗೂ ಹೊಂದಾಣಿಕೆನೇ ಇರಲ್ಲ, ಒಂದೇ ಅಂಗಡಿಯಲ್ಲಿ ಒಂದೇ ರೇಟಿಗೆ ಪಕ್ಕಪಕ್ಕ ಇರೋ ಎರಡು ಬಿಲ್ಲು ಬೇರೆ ಬೇರೆ ಜಾಗಕ್ಕೆ ಹೊಡೀತವೆ. ಈ ಹಿರಿಯರ ಬಿಲ್ಲು ಬಿಟ್ಟಾಗ ಕೈಗೆ ಏನೂ ಒದೆತ ಬರ್ಲಿಲ್ಲ ಅಂದ್ರೆ ನಂಬ್ತೀಯ? ಒಂದು ಸಣ್ಣ ಅಲುಗಾಟ, ಮುಗೀತು. ಶಬ್ದನೂ ಅಷ್ಟೆ, ಬಾಣ ಹುಲ್ಲಿಗೆ ತಾಗಿದ್ದೇ ಜಾಸ್ತಿ ಕೇಳ್ತು. ಅದು ಹದ ಮಾಡಿದ ಕೈಯ ಕೆಲಸ, ಬಿದಿರೋ ಯೂ ಮರನೋ ಅನ್ನೋದಲ್ಲ.

ಕೊಳ್ಳೇಗಾಲದ_ಹುಡುಗ

ಅಂಗಡಿದು ಬೇಡ, ಮಾಡೋರ ಹತ್ರ ಹೋಗಿ ಆರಿಸ್ಕೊಳ್ಳಿ. ನಾನು ಹತ್ತು ಎಳೆದು ನೋಡಿ ಒಂದು ತರ್ತೀನಿ, ಮಾಡೋರಿಗೂ ಗೊತ್ತು, ಬೈಕೊಳ್ಳಲ್ಲ.

ಜೆಪಿನಗರ_ಜೀಕು

ನಂಗೊಂದು ಡೌಟು. ನಮ್ಮಲ್ಲಿ ಹೆಬ್ಬೆರಳಲ್ಲಿ ಎಳೀತಿದ್ರು ಅಲ್ವಾ, ಅದಕ್ಕೇ ತಾನೇ ದ್ರೋಣ ಏಕಲವ್ಯನ ಹೆಬ್ಬೆರಳು ಕೇಳಿದ್ದು? ಈ ಬಿಲ್ಲಲ್ಲಿ ಮೂರು ಬೆರಳು ಯಾಕೆ?

ಗರಿಬಾಣ_ಬಸವನಗುಡಿ

ಏಷ್ಯಾದಲ್ಲಿ ಟರ್ಕಿಯಿಂದ ಜಪಾನ್ ತನಕ ಹೆಬ್ಬೆರಳೇ ಜಾಸ್ತಿ, ಮೊಘಲರು ಅದಕ್ಕೆ ಅಂತ ಕಲ್ಲಿನ ಉಂಗುರ ಹಾಕ್ಕೊಳ್ತಿದ್ರು. ಹೆಬ್ಬೆರಳಲ್ಲಿ ಎಳೆದ್ರೆ ಬಾಣ ಬಿಲ್ಲಿನ ಬಲಗಡೆ ಕೂರತ್ತೆ, ಮೂರು ಬೆರಳಿಗೆ ಎಡಗಡೆ. ಬಿಲ್ಲಿಗೆ ಎರಡೂ ಒಂದೇ, ತುಂಬಾ ಗಿಡ್ಡ ಬಿಲ್ಲಿದ್ರೆ ಹೆದೆಯ ಕೋನ ಚೂಪಾಗಿ ಮೂರು ಬೆರಳನ್ನ ಹಿಚುಕತ್ತೆ, ಅದಕ್ಕೇ ಕುದುರೆ ಮೇಲಿನ ಗಿಡ್ಡ ಬಿಲ್ಲಿಗೆ ಹೆಬ್ಬೆರಳು ಅನುಕೂಲ. 70 ಇಂಚಿನ ಬಿಲ್ಲಲ್ಲಿ ಆ ತೊಂದ್ರೆ ಇಲ್ಲ. ದ್ರೋಣರ ಬಗ್ಗೆ ನಾನು ಮಾತಾಡಲ್ಲ, ಕೋಚ್‌ಗಳು ಓದ್ತಿರ್ತಾರೆ.

ಬಿಟಿಎಂ_ಬ್ಯಾಚುಲರ್

ಸೂಪರ್ ಥ್ರೆಡ್. ನಮ್ ಪಿಜಿ ಟೆರೇಸ್ ಖಾಲಿ ಇದೆ, 12 ಮೀಟರ್ ಸಿಗತ್ತೆ, ಹಿಂದೆ ಪ್ಲೈವುಡ್ ನಿಲ್ಸಿದ್ರೆ ಸಾಕಾ? ಇಲ್ಲಾಂದ್ರೆ ಹೆಸರಘಟ್ಟ ಹುಲ್ಲುಗಾವಲು ಕಡೆ ಹೋದ್ರೆ ಹೆಂಗೆ, ಯಾರೂ ಇರಲ್ವಲ್ಲ ಬೆಳಗ್ಗೆ.

ಮರಗೆಲಸ_ಮಾವ

ಬೇಡಪ್ಪಾ ಬೇಡ. ಪ್ಲೈವುಡ್‌ಗೆ ಒಂದೋ ಬಾಣ ತೂರ್ಕೊಂಡು ಆಚೆ ಬರತ್ತೆ, ಇಲ್ಲಾ ತಗುಲಿ ಹಿಂದಕ್ಕೆ ಹಾರತ್ತೆ, ಎರಡೂ ಕೆಟ್ಟದ್ದೇ. ಗುರಿ ತಪ್ಪಿ ಮೇಲಕ್ಕೆ ಹೋದ್ರೆ ನೂರು ಮೀಟರ್ ದಾಟತ್ತೆ, ಬಿಟಿಎಮ್‌ನಲ್ಲಿ ನೂರು ಮೀಟರ್ ಒಳಗೆ ಎಷ್ಟು ಜನ ಬಟ್ಟೆ ಒಣಗಾಕ್ತಿರ್ತಾರೆ ಲೆಕ್ಕ ಹಾಕು. ಮರದ ಬಿಲ್ಲು ಸೆಕೆಂಡಿಗೆ 150 ಅಡಿ ಹತ್ರ ಬಿಸಾಡತ್ತೆ, ಆಟದ ಸಾಮಾನಲ್ಲ.

ಹಕ್ಕಿಹಿಂದೆ_ಹೋದವಳು

ಹೆಸರಘಟ್ಟದಲ್ಲಿ ಯಾರೂ ಇರಲ್ಲ ಅಂತ ಯಾರು ಹೇಳಿದ್ದು? ಬೆಳಗ್ಗೆ ಆರಕ್ಕೇ ನಾವು ಕ್ಯಾಮೆರಾ ಹಿಡ್ಕೊಂಡು ಹುಲ್ಲಲ್ಲಿ ಮಲಗಿರ್ತೀವಿ, ದನ ಮೇಯಿಸೋರು ಇರ್ತಾರೆ, ಹಕ್ಕಿಗಳು ನೆಲದ ಮೇಲೇ ಗೂಡು ಮಾಡಿರ್ತವೆ. ದಯವಿಟ್ಟು ಅಲ್ಲಿಗೆ ಬಿಲ್ಲು ತರಬೇಡಿ.

ಬಿಟಿಎಂ_ಬ್ಯಾಚುಲರ್

ಓಕೆ ಓಕೆ, ಕೇಳಿದ್ದಷ್ಟೇ. ಊರಲ್ಲಿ ನಮ್ಮ ಮಾವನ ಗದ್ದೆಗೆ ಹಂದಿ ಕಾಟ, ಅಲ್ಲಾದ್ರೂ ಟ್ರೈ ಮಾಡ್ಬಹುದಾ?

ಕೊಳ್ಳೇಗಾಲದ_ಹುಡುಗ

ಮಗಾ, 1972ರ ವನ್ಯಜೀವಿ ಕಾಯ್ದೆ ಅಂತ ಒಂದಿದೆ, ಅದನ್ನ ಓದಿ ಆಮೇಲೆ ಹಂದಿ ಬಗ್ಗೆ ಮಾತಾಡು. ಬಂದೂಕಾದ್ರೂ ಬಿಲ್ಲಾದ್ರೂ ಬೇಟೆ ಬೇಟೆನೇ. ರೇಂಜ್ ಇರೋ ಕ್ಲಬ್ ಸೇರ್ಕೋ, ತಿಂಗಳ ಫೀಸು ನಿನ್ನ ಬಿರಿಯಾನಿ ಖರ್ಚಿಗಿಂತ ಕಮ್ಮಿ.

ಕಾಂಪೌಂಡ್_ಕಿಟ್ಟಿ

ಅಕ್ಕ, ಇನ್ನೊಂದು ಕೇಳ್ತೀನಿ, ಬಯ್ಯಬೇಡಿ. ನನ್ನ ಹತ್ರ ಫಾಸ್ಟ್ ಫ್ಲೈಟ್ ಸ್ಟ್ರಿಂಗ್ ಮೆಟೀರಿಯಲ್ ಇದೆ, ಅದನ್ನ ಹಾಕಿದ್ರೆ ಲಾಂಗ್‌ಬೋ ಇನ್ನೂ ಸ್ಪೀಡ್ ಆಗತ್ತಲ್ವಾ? ಕಾರ್ಬನ್ ಬಾಣನೂ ಇದೆ, ಹಗುರ.

ಗರಿಬಾಣ_ಬಸವನಗುಡಿ

ಬಂತು ನೋಡು ಕಾಂಪೌಂಡ್ ಬುದ್ಧಿ 😄 ಇದನ್ನೇ ನಾನೂ ಆ ಹಿರಿಯರ ಹತ್ರ ಕೇಳಿದೆ. ಡ್ಯಾಕ್ರಾನ್ ದಾರದ ಹೆದೆ ಒಂಚೂರು ಹಿಗ್ಗತ್ತೆ, ಬಿಟ್ಟಾಗ ಆ ಹೊಡೆತನ ಅದೇ ನುಂಗತ್ತೆ. ಫಾಸ್ಟ್ ಫ್ಲೈಟ್ ಹಿಗ್ಗೋದೇ ಇಲ್ಲ, ಹೊಡೆತ ಪೂರ್ತಿ ತುದಿಗೆ ಹೋಗತ್ತೆ, ತುದಿಗಳನ್ನ ಅದಕ್ಕೇ ಅಂತ ಗಟ್ಟಿ ಮಾಡಿರದಿದ್ರೆ ನಾಕ್ ಸೀಳತ್ತೆ. ಹಗುರ ಬಾಣದ್ದೂ ಇದೇ ಕಥೆ. ಬಿಲ್ಲಲ್ಲಿರೋ ಶಕ್ತಿನ ಬಾಣ ಹೊತ್ಕೊಂಡು ಹೋಗ್ಬೇಕು, ಬಾಣ ತೀರಾ ಹಗುರ ಆದ್ರೆ ಉಳಿದಿದ್ದು ಬಿಲ್ಲಿಗೇ ವಾಪಸ್. ಬಾಣನೇ ಇಲ್ದೆ ಹೆದೆ ಎಳೆದು ಬಿಡೋದು ಅಂತೂ ಬಿಲ್ಲಿನ ಕೊಲೆ. ಪೌಂಡಿಗೆ ಹತ್ತು ಗ್ರೇನ್ ಅಂತ ಅವರ ಲೆಕ್ಕ, 40 ಪೌಂಡ್ ಬಿಲ್ಲಿಗೆ 400 ಗ್ರೇನ್, ಅಂದ್ರೆ 26 ಗ್ರಾಂ ಬಾಣ. ಅದಕ್ಕಿಂತ ಹಗುರ ಬೇಡ.

ಮರದ ಬಾಣ ಆದ್ರೆ ಇನ್ನೊಂದು, ಪ್ರತಿ ಸಲ ಕಿತ್ತಮೇಲೆ ಬೆರಳಲ್ಲಿ ಸ್ವಲ್ಪ ಬಗ್ಗಿಸಿ ತಿರುಗಿಸಿ ನೋಡ್ಬೇಕು, ಚಿಟ್ ಅಂದ್ರೆ ಮುರಿದು ಎಸೀಬೇಕು. ಬಿರುಕು ಬಿಟ್ಟ ಬಾಣ ಹೊರಡೋವಾಗ ಮುರಿದ್ರೆ ಅದರ ಚೂರು ಹೋಗೋದು ಬಿಲ್ಲು ಹಿಡಿದ ಕೈಯೊಳಕ್ಕೆ. ಅವರು ತಮ್ಮ ಚೆನ್ನಾಗಿ ಕಾಣ್ತಿದ್ದ ಒಂದು ಬಾಣನ ನನ್ನ ಕಣ್ಣೆದುರೇ ಮೊಣಕಾಲಿಗೆ ಹಾಕಿ ಮುರಿದ್ರು, ನಂಗೆ ಹೊಟ್ಟೆ ಉರೀತು, ಮೂರು ಗರಿ ಎಷ್ಟು ಚೆನ್ನಾಗಿ ಅಂಟಿಸಿದ್ರು ಅಂದ್ರೆ.

ನಮ್ಮೂರ್_ಧಾರವಾಡ

ಗುರಿ ಹೆಂಗ ನೋಡೂದ್ರಿ ಮತ್ತ? ಸೈಟ್ ಇಲ್ಲ ಅಂದ್ರ ಸುಮ್ಮ ಅಂದಾಜಿನ ಮ್ಯಾಲೇನು?

ಗರಿಬಾಣ_ಬಸವನಗುಡಿ

ಎರಡು ಪಂಗಡ ಇದೆ ಇದ್ರಲ್ಲಿ, ಜಗಳನೂ ಇದೆ. ಒಬ್ರು ಬಾಣದ ತುದಿ ನೋಡಿ, ಈ ದೂರಕ್ಕೆ ತುದಿ ಗುರಿಗಿಂತ ಇಷ್ಟು ಕೆಳಗಿರಬೇಕು ಅಂತ ಲೆಕ್ಕ ಇಟ್ಕೊಳ್ತಾರೆ. ಇನ್ನೊಬ್ರು ಬಾಣ ನೋಡೋದೇ ಬೇಡ, ಗುರಿ ಮಾತ್ರ ನೋಡು, ಕೈ ತಾನಾಗೇ ಕಲಿಯತ್ತೆ ಅಂತಾರೆ. ಹಿರಿಯರು ಎರಡನೇ ಪಂಗಡ. ನಾನು ಮೊದಲ್ನೇದು, ಯಾಕಂದ್ರೆ ನಂಗೆ ತಪ್ಪಿದ್ದು ಎಲ್ಲಿ ಅಂತ ಗೊತ್ತಾಗ್ಬೇಕು, ಕೈ ಕಲಿಯೋ ತನಕ ಕಾಯೋಷ್ಟು ಭಾನುವಾರಗಳು ನಂಗಿಲ್ಲ. ಆದ್ರೆ ಎಷ್ಟೇ ಲೆಕ್ಕ ಇದ್ರೂ ಪೂರ್ತಿ ಎಳೆದು ಹಿಡ್ಕೊಂಡು ನಿಲ್ಲೋದು ಬೇಡ. ನಿಮಗೂ ಕೈ ನಡುಗತ್ತೆ, ಮರನೂ ಸೋಲತ್ತೆ. ಎಳಿ, ದವಡೆಗೆ ಬೆರಳು ತಾಗಿಸು, ಬಿಡು.

ಜೆಪಿನಗರ_ಜೀಕು

ಕೊನೆಗೆ ತಗೊಂಡ್ರಾ ಇಲ್ವಾ ಅದು ಹೇಳಿ ಅಕ್ಕ, ಇಷ್ಟುದ್ದ ಓದ್ಸಿದೀರ.

ಗರಿಬಾಣ_ಬಸವನಗುಡಿ

ಅದನ್ನ ತಗೊಳ್ಲಿಲ್ಲ. ನನ್ನ ಡ್ರಾಗೆ ಹೊಸದು ಹೇಳಿದೀನಿ, 66 ಇಂಚು ಬಿಲ್ಲು, 26 ಇಂಚಿಗೆ 34 ಪೌಂಡ್. ಅವರು 38 ಮಾಡೋಣ ಅಂದ್ರು, ಬೇಡ ಅಂದೆ. ನೂರು ಬಾಣ ಹೊಡೆದ ಮೇಲೂ ಮೊದಲ್ನೇ ಬಾಣದ ಹಾಗೇ ಎಳೆಯೋಕಾಗ್ಬೇಕು ನಂಗೆ. ಆದ್ರೆ ಈಗಲೇ ಸಿಗಲ್ಲ, ಬಿದಿರು ಇಲ್ಲ ಅಂದ್ರು.

ಬಿಟಿಎಂ_ಬ್ಯಾಚುಲರ್

ಬಿದಿರು ಇಲ್ವಾ? ಶಿವಾಜಿನಗರ ಹತ್ರ ಬ್ಯಾಂಬೂ ಬಜಾರಲ್ಲಿ ರಾಶಿ ರಾಶಿ ಇರತ್ತಲ್ಲ.

ಮರಗೆಲಸ_ಮಾವ

ಅದು ಚಪ್ಪರಕ್ಕೆ, ಸಾರವೆಗೆ ಆಗತ್ತೆ. ಯಾವಾಗ ಕಡಿದಿದ್ದು, ಎಷ್ಟು ವರ್ಷದ ಬಿದಿರು ಅಂತ ಅಂಗಡಿಯವರಿಗೂ ಗೊತ್ತಿರಲ್ಲ. ಬಿಲ್ಲಿಗೆ ಮೂರು ನಾಲ್ಕು ವರ್ಷ ಬಲಿತಿದ್ದು ಬೇಕು, ಮಳೆಗಾಲ ಮುಗಿದು ಚಳಿ ಬಿದ್ದ ಮೇಲೆ ಕಡಿದಿರಬೇಕು, ಆಗ ಒಳಗೆ ಸಿಹಿ ಅಂಶ ಕಮ್ಮಿ ಇರತ್ತೆ. ಮಳೆಯಲ್ಲಿ ಕಡಿದಿದ್ದಕ್ಕೆ ಕುಟ್ಟೆ ಹುಳ ಬಿದ್ದು ಆರು ತಿಂಗಳಲ್ಲಿ ಹಿಟ್ಟು ಉದುರತ್ತೆ. ಕಡಿದ ಮೇಲೆ ಸೀಳಿ ನೆರಳಲ್ಲಿ ತಿಂಗಳುಗಟ್ಟಲೆ ಒಣಗಿಸ್ಬೇಕು. ಗರಿಬಾಣ, ಆ ಹಿರಿಯರನ್ನ ಕೇಳಮ್ಮ, ನನ್ನ ಹತ್ರ ಹೋದ ಡಿಸೆಂಬರಲ್ಲಿ ಕಡಿಸಿದ ಆರು ಸೀಳು ಇದೆ, ಗೆಣ್ಣು ದೂರ ದೂರ ಇರೋದು. ಎರಡು ಕೊಡಬಲ್ಲೆ, ಬದಲಿಗೆ ನಂಗೆ ತಡಸಲು ಹಲಗೆ ಸಿಗತ್ತಾ ನೋಡ್ಲಿ.

ಗರಿಬಾಣ_ಬಸವನಗುಡಿ

ಮಾವ, ಈಗಷ್ಟೇ ಫೋನ್ ಮಾಡಿದೆ. ಹಲಗೆ ಇದೆಯಂತೆ, ಆದ್ರೆ ಸೀಳಿನ ದಪ್ಪ ಎಷ್ಟು, ಹೊರಮೈಗೆ ಗೀರು ಬಿದ್ದಿದ್ಯಾ ಅಂತ ಮೊದಲು ಫೋಟೋ ಕಳಿಸಕ್ಕೆ ಹೇಳಿದ್ರು. ಬೆಳಕಲ್ಲಿ ಇಟ್ಟು ತೆಗೀರಿ, ಅವರು ಜೂಮ್ ಮಾಡಿ ನೋಡ್ತಾರೆ.